ಲ್ಯಾಪ್‌ಟಾಪ್‌ಗೆ ರ‍್ಯಾಮ್ ತಗೊಳ್ಳುವ ಮುಂಚೆ ಹಳೇ ಸ್ಟಿಕ್ಕರ್ ಓದಿ

ಶಿವಮೊಗ್ಗದ ಯಾವ ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದರೂ ‘ಎಂಟು ಜಿಬಿ ರ‍್ಯಾಮ್’ ಸಿಗುತ್ತದೆ. ಅದು ನಿಮ್ಮ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಹೊಂದುತ್ತದಾ ಅನ್ನುವುದೇ ಬೇರೆ ಮಾತು. ಹೊಸನಗರದಿಂದಲೋ ಕೊಪ್ಪದಿಂದಲೋ ಬಸ್ಸು ಹತ್ತಿ ಬರುವವರಿಗೆ ತಪ್ಪು ರ‍್ಯಾಮ್ ಸಿಕ್ಕರೆ ಬದಲಾಯಿಸೋಕೆ ಮತ್ತೊಂದು ದಿನ ಹೋಗುತ್ತದೆ, ಅದಕ್ಕೇ ಮನೆಯಲ್ಲೇ ನೋಡಿಕೊಂಡು ಹೊರಡಿ ಅನ್ನುತ್ತೇನೆ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿ. ಎಷ್ಟು ಸ್ಲಾಟ್ ತುಂಬಿದೆ, ಎಷ್ಟು ಸ್ಪೀಡಿನಲ್ಲಿ ಓಡುತ್ತಿದೆ ಎಂದು ಅಲ್ಲೇ ಇರುತ್ತದೆ. ಆದರೆ ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮನ್ನೂ ಅದು ಕೆಲವೊಮ್ಮೆ ಸ್ಲಾಟ್ ಅಂತಲೇ ಎಣಿಸುತ್ತದೆ. ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಎಂದಿದ್ದರೆ ಅದನ್ನು ಬಿಚ್ಚೋಕೆ ಆಗಲ್ಲ. ಆಟ ಆಡುವಾಗಲೂ ಮೆಮೊರಿ ಅರ್ಧ ಖಾಲಿ ಇದೆ ಅಂತ ಕಂಡರೆ ಸುಮ್ನೆ ದುಡ್ಡು ಹಾಕಬೇಡಿ.

ಇನ್ನು ಸ್ಟಿಕ್ಕರ್. ಹಿಂಬದಿ ಮುಚ್ಚಳ ತೆಗೆದರೆ ರ‍್ಯಾಮ್ ಮೇಲೆ ‘8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ’ ಅನ್ನುವಂಥ ಸಾಲು ಕಾಣುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬಾಯಿಮಾತಿಗಿಂತ ಅದೇ ಕೆಲಸಕ್ಕೆ ಬರುವುದು. ಪಿಸಿ4 ಅಂದರೆ ಡಿಡಿಆರ್4, ಪಿಸಿ5 ಅಂದರೆ ಅದರ ಮುಂದಿನ ತಲೆಮಾರು ಡಿಡಿಆರ್5. ಲ್ಯಾಪ್‌ಟಾಪ್ ರ‍್ಯಾಮ್‌ನಲ್ಲಿ ಮೊದಲನೆಯದಕ್ಕೆ 260 ಪಿನ್, ಎರಡನೆಯದಕ್ಕೆ 262, ನಡುವಿನ ಕಚ್ಚು ಇರುವ ಜಾಗವೂ ಬೇರೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದೇ ಇಲ್ಲ. 3200 ಅನ್ನುವುದು ಸ್ಪೀಡ್. 1ಆರ್ ಅನ್ನುವುದು ಚಿಪ್‌ಗಳನ್ನು ಎಷ್ಟು ಗುಂಪಾಗಿ ಜೋಡಿಸಿದ್ದಾರೆ ಎಂದು ಹೇಳುವ ರ‍್ಯಾಂಕ್. ಬ್ರಾಂಡ್ ಬೇರೆಯಾದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಸ್ಪೀಡ್, ರ‍್ಯಾಂಕ್, ವೋಲ್ಟೇಜ್ ಆದಷ್ಟೂ ಹೊಂದಬೇಕು.

ಸ್ಪೀಡಿನ ಆಸೆಗೆ ಜಾಸ್ತಿ ಕೊಡುವವರು ಬಹಳ. 2666ರ ಜೊತೆ 3200 ಹಾಕಿದರೆ ಎರಡೂ 2666ಕ್ಕೇ ಇಳಿಯುತ್ತವೆ. ಎಕ್ಸ್‌ಎಂಪಿ ಎಂಬ ಹೆಚ್ಚು ಸ್ಪೀಡಿನ ಸೆಟ್ಟಿಂಗ್ ಹಾಕಿದರೆ ಮಾತ್ರ 3200 ಮುಟ್ಟುವ ರ‍್ಯಾಮ್‌ಗಳೂ ಇವೆ, ಹೆಚ್ಚಿನ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಮೂಲ ಸೆಟ್ಟಿಂಗ್‌ನಲ್ಲಿ) ಆ ಆಯ್ಕೆಯೇ ಇರಲ್ಲ. ಡಿಡಿಆರ್4 ಆದರೆ 1.2 ವೋಲ್ಟ್‌ನಲ್ಲೇ 3200 ಓಡುವುದನ್ನು ಕೇಳಿ ತಗೊಳ್ಳಿ.

ನನ್ನ ಕೇಳಿದರೆ ಒಂದೇ 16ಕ್ಕಿಂತ ಎರಡು 8 ವಾಸಿ, ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡೂ ಒಟ್ಟಿಗೆ ಡೇಟಾ ಸಾಗಿಸುತ್ತವೆ. ಮುಂದೆ 32 ಮಾಡುವ ಯೋಚನೆ ಇದ್ದರೆ ಮಾತ್ರ ಲೆಕ್ಕ ಬೇರೆ, ಆಗ ಒಂದೇ 16 ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಡಬಹುದು. ಇರುವ 8ಕ್ಕೆ 16 ಸೇರಿಸಿದರೂ ನಡೆಯುತ್ತದೆ, ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡರಿಂದಲೂ ತಲಾ 8 ಸೇರಿ 16 ಜಿಬಿ ಡ್ಯುಯಲ್ ಆಗಿ ಓಡಿ ಉಳಿದ 8 ಸಿಂಗಲ್ ಆಗಿ ಓಡುತ್ತದೆ, ಮೆಮೊರಿ ಸಾಲದೆ ಆಟ ತಡವರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಹಾಕುವಾಗ ಚಾರ್ಜರ್ ತೆಗೆದು, ಒಳಗೆ ಬ್ಯಾಟರಿಯ ಕನೆಕ್ಟರ್ ಕೂಡ ಬಿಚ್ಚಿ. ಮಳೆಗಾಲದ ಒದ್ದೆ ಕೈಯಲ್ಲಿ ಚಿನ್ನದ ಬಣ್ಣದ ಪಿನ್‌ಗಳನ್ನು ಮುಟ್ಟಬೇಡಿ. ಓರೆಯಾಗಿ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಅನ್ನುತ್ತದೆ. ಡಿಡಿಆರ್5 ಆದರೆ ಮೊದಲ ಸಲ ಸ್ವಲ್ಪ ಹೊತ್ತು ಸ್ಕ್ರೀನ್ ಕಪ್ಪಾಗೇ ಇರುತ್ತದೆ. ಅದು ಹೊಸ ರ‍್ಯಾಮನ್ನು ಹೊಂದಿಸಿಕೊಳ್ಳುವ ಹೊತ್ತು, ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಮಲೆನಾಡಿನ ಮಳೆಗಾಲದ ಕರೆಂಟು ಗೊತ್ತಲ್ವಾ, ಬ್ಯಾಟರಿ ಮೊದಲೇ ತುಂಬಿಸಿಟ್ಟಿರಿ.

ರಾತ್ರಿ ಒಮ್ಮೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿ ಮಲಗಿ. ಎರರ್ ಬಂದರೆ ಹಳೇದನ್ನು ತೆಗೆದು ಈಗ ತಂದದ್ದನ್ನು ಮಾತ್ರ ಹಾಕಿ ಮತ್ತೆ ಓಡಿಸಿ. ಆಗಲೂ ಬಂದರೆ ಬಿಲ್ ಹಿಡಿದುಕೊಂಡು ಮಾರನೇ ದಿನವೇ ಅಂಗಡಿಗೆ ಹೋಗಿ.