ರಜಾ ಅರ್ಜಿಯಲ್ಲಿ ಜ್ವರವೇ ಏಕೆ?

ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು, ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಬರುವ ಮಕ್ಕಳ ಬಗ್ಗೆ ‘ಅವರಿಗೆ ಬೇಸಿಕ್ಸೇ ಇಲ್ಲ’ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ಪದೇ ಪದೇ ಕೇಳುತ್ತಿರುತ್ತೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಇಷ್ಟು ವರ್ಷ ಓದಿ ಬಂದವರಿಗೆ ಸಾಕಷ್ಟು ಪದಗಳೂ ಗೊತ್ತು, ಟೆನ್ಸ್‌ಗಳ ಪಟ್ಟಿಯೂ ಬಾಯಿಗೆ ಬರುತ್ತದೆ. ಅವರಿಗೆ ಸಿಗದೆ ಉಳಿದಿರುವುದು, ತಮಗೆ ಹೇಳಬೇಕಾದುದನ್ನು ತಾವೇ ಇಂಗ್ಲಿಷಿನಲ್ಲಿ ಕಟ್ಟುವ ಅವಕಾಶ ಮತ್ತು ಹಾಗೆ ಕಟ್ಟುವಾಗ ಕನ್ನಡದ ನೆರವು ಪಡೆಯುವ ಅನುಮತಿ.

ರಜಾ ಅರ್ಜಿಯನ್ನೇ ನೋಡಿ. ಜೂನ್‌ನಲ್ಲಿ ಆಲೂಗಡ್ಡೆ ಬಿತ್ತನೆಗೆಂದು ಮನೆಯಲ್ಲಿ ಉಳಿದವರು, ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಫಿ ಕೊಯ್ಲಿಗೆ ಹೋದವರು, ಊರ ಜಾತ್ರೆಗೆ ಹೋದವರು, ಎಲ್ಲರೂ ತರುವ ಅರ್ಜಿ ಒಂದೇ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’. ಗೈಡಿನಲ್ಲಿರುವ ಅರ್ಜಿಯಲ್ಲಿ ಜ್ವರವಿದೆ, ಆದ್ದರಿಂದ ಇಡೀ ಜಿಲ್ಲೆಗೆ ಜ್ವರ. ನಿಜವಾದ ಕಾರಣವನ್ನೇ ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ ಎಂದು ಹೇಳಿದಾಗ ಒಬ್ಬ ಹುಡುಗ ಬರೆದು ತಂದದ್ದು ಹೀಗಿತ್ತು: ‘ಅವರ್ ಫೀಲ್ಡ್ ಪೊಟ್ಯಾಟೊ ಪುಟ್ಟಿಂಗ್, ಸೋ ಟೂ ಡೇಸ್ ನಾಟ್ ಕಮಿಂಗ್’. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಹಲವು ದೋಷಗಳಿವೆ, ನಿಜ. ಆದರೂ ಕಂಠಪಾಠದ ಜ್ವರಕ್ಕಿಂತ ಈ ವಾಕ್ಯ ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿತು, ಏಕೆಂದರೆ ಅದನ್ನು ಹಿಡಿದು ಮುಂದಿನ ಪಾಠ ಮಾಡಲು ಸಾಧ್ಯವಾಯಿತು. ‘ಆಲೂಗಡ್ಡೆ ಹಾಕುತ್ತಿದ್ದೇವೆ’ ಎಂದರೆ ಹಾಕುವವರು ನಾವೇ ಎಂಬುದು ಕ್ರಿಯಾಪದದ ಕೊನೆಯಲ್ಲಿಯೇ ತಿಳಿಯುತ್ತದೆ. ಕರ್ತೃವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಶಕ್ತಿ ಬಹುಮಟ್ಟಿಗೆ ಇಲ್ಲದ್ದರಿಂದ ‘ವಿ’ ಎಂಬುದನ್ನು ಬಿಡುವಂತಿಲ್ಲ. ಇಷ್ಟನ್ನು ಬೋರ್ಡಿನ ಮೇಲೆ ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ, ‘ಸಬ್ಜೆಕ್ಟ್ ಕಡ್ಡಾಯ’ ಎಂಬ ನಿಯಮವನ್ನು ಉರು ಹೊಡೆಸುವ ಅಗತ್ಯ ಬರುವುದಿಲ್ಲ.

‘ಡಿಡ್ ಯು ವೆಂಟ್?’ ಎಂಬ ಪ್ರಶ್ನೆಗೂ ಇದೇ ದಾರಿ. ಕನ್ನಡದಲ್ಲಿ ‘ಹೋದೆಯಾ?’ ಎನ್ನುವಾಗ ಭೂತಕಾಲವೂ ಪ್ರಶ್ನೆಯೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ಇಂಗ್ಲಿಷಿನಲ್ಲಿ ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ಗೋ’ಗೆ ಆ ಹೊರೆ ಉಳಿಯುವುದಿಲ್ಲ.

ಆರ್ಟಿಕಲ್‌ಗಳ ವಿಷಯ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ‘ದಿ’ಗೆ ಸಮನಾದುದು ಏನೂ ಇಲ್ಲ ಎಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಮಾತಿನಲ್ಲಿ ‘ಪುಸ್ತಕ ಓದಿದೆ’ ಎಂದಾಗ ಅದು ಯಾವುದೋ ಪುಸ್ತಕವಾಗಿರಬಹುದು. ‘ಆಮೇಲೆ ಪುಸ್ತಕವನ್ನು ಓದಿದೆ’ ಎಂದಾಗ ಕೇಳುವವರಿಗೂ ಗೊತ್ತಿರುವ ಪುಸ್ತಕ ಎಂಬ ಸೂಚನೆ ಬರುತ್ತದೆ. ಅಂದರೆ ಹತ್ತನೆಯ ತರಗತಿಯವರೆಗೂ ಕಲಿತ ದ್ವಿತೀಯಾ ವಿಭಕ್ತಿಯೇ ‘ದಿ’ಯ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತಿದೆ. ಈ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ: ಕರ್ತೃವಿನ ಜಾಗದಲ್ಲಿ ಅದು ನೆರವಾಗದು, ಗ್ರಾಂಥಿಕ ಬರವಣಿಗೆಯಲ್ಲಿ ‘ಅನ್ನು’ ಎಲ್ಲೆಡೆಯೂ ಬಂದು ಕೂರುತ್ತದೆ. ಆದರೂ ಈ ವ್ಯತ್ಯಾಸವನ್ನು ತಾವು ಆಗಲೇ ಬಳಸುತ್ತಿದ್ದೇವೆ ಎಂದು ತಿಳಿದ ಮಕ್ಕಳು, ಊಹೆಯ ಮೇಲೆ ಆರ್ಟಿಕಲ್ ಚೆಲ್ಲುವುದನ್ನು ಕಡಿಮೆ ಮಾಡುತ್ತಾರೆ.

ಓದಿನ ತೊಂದರೆ ಬೇರೆ ಬಗೆಯದು. ಬರೆದಂತೆ ಓದುವ ಲಿಪಿಗೆ ಒಗ್ಗಿದವರಿಗೆ ‘ಟಫ್’, ‘ದೋ’, ‘ಥ್ರೂ’ ಮೂರರಲ್ಲಿಯೂ ಒಯುಜಿಎಚ್ ಎಂಬ ಒಂದೇ ಅಕ್ಷರಗುಂಪು ಇದೆ ಎಂಬುದು ಅನ್ಯಾಯವೆನಿಸುತ್ತದೆ. ಇದಕ್ಕೆ ಕೇಳಿಸಿಕೊಂಡು ರೂಢಿ ಮಾಡಿಕೊಳ್ಳುವುದರ ಹೊರತು ಸುಲಭದ ಉಪಾಯವಿಲ್ಲ. ಉಚ್ಚಾರ ಸರಿಯಾದ ಮಾತ್ರಕ್ಕೆ ಓದು ಬಂತೆಂದೂ ಅಲ್ಲ. ಒಂದು ಪ್ಯಾರಾ ನಿರರ್ಗಳವಾಗಿ ಓದಿದವರನ್ನು ಅದರಲ್ಲಿ ಏನಿತ್ತೆಂದು ಕನ್ನಡದಲ್ಲಿ ಹೇಳಿಸಿದರೆ ಅರ್ಥ ಎಲ್ಲಿ ಕೈತಪ್ಪಿತು ಎಂಬುದು ಕೂಡಲೇ ತಿಳಿಯುತ್ತದೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ಗುರುತಿಸುತ್ತೇನೆ, ಉಳಿದವನ್ನು ಮುಂದಿನ ಸಲಕ್ಕೆ ಬಿಡುತ್ತೇನೆ. ಪುಟವಿಡೀ ಕೆಂಪು ಶಾಯಿ ಕಂಡವರು ಮುಂದಿನ ಬಾರಿ ಗೈಡಿಗೇ ಶರಣಾಗುತ್ತಾರೆ. ಪೋಷಕರಿಂದ ‘ಮೇಷ್ಟ್ರು ಸರಿಯಾಗಿ ನೋಡೇ ಇಲ್ಲ’ ಎಂಬ ಆಕ್ಷೇಪಣೆ ಬರುವುದುಂಟು; ಆಗ ಜುಲೈ ತಿಂಗಳ ಪುಟವನ್ನೂ ಈಗಿನ ಪುಟವನ್ನೂ ಒಟ್ಟಿಗೆ ತೆರೆದು ತೋರಿಸುತ್ತೇನೆ.

ಎಸ್ಟೇಟ್ ಲೈನ್‌ಗಳಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಂದ, ಬರುವ ಮಕ್ಕಳ ಮನೆಮಾತು ತಮಿಳೋ ತುಳುವೋ ಆಗಿರುತ್ತದೆ. ಆ ಭಾಷೆಗಳಲ್ಲಿಯೂ ಕ್ರಿಯಾಪದ ಕೊನೆಗೇ ಬರುವುದರಿಂದ ಅವರಿಗೆ ಕನ್ನಡದ ವಿವರಣೆ ತಕ್ಕಮಟ್ಟಿಗೆ ಹೊಂದುತ್ತದೆ. ಕಷ್ಟವಾಗುವುದು ಕಾನ್ವೆಂಟಿನಿಂದ ಬಂದವರಿಗೆ. ಇಂಗ್ಲಿಷ್ ಸರಾಗವಾಗಿ ಬರೆಯುವ ಅವರಲ್ಲಿ ಹಲವರಿಗೆ ದ್ವಿತೀಯಾ ವಿಭಕ್ತಿ ಎಂದರೇನೆಂದು ಪಕ್ಕದ ಬೆಂಚಿನ ಕನ್ನಡ ಮಾಧ್ಯಮದವರೇ ಹೇಳಿಕೊಡಬೇಕಾಗುತ್ತದೆ.