ಪಿಕಪ್ ರೂಫ್ ಲೈಟ್ ಸೋರಿಕೆ: ಸಿಲಿಕಾನ್ ಬಳಿಯುವ ಮೊದಲು

ಜೂನ್ 22, 2024, ಶನಿವಾರ. ಸಕಲೇಶಪುರ

ಮಳೆ ಹಿಡಿದ ಮೇಲೆ ಪಿಕಪ್‌ಗಳದ್ದು ಒಂದೇ ದೂರು: "ಕ್ಯಾಬಿನ್ ಲೈಟಿಂದ ನೀರು ತೊಟ್ಟಿಕ್ಕುತ್ತೆ." ಇವತ್ತಿನ ಗಾಡಿಯೂ ಅದೇ ಜಾತಿ. ಸಿಂಗಲ್ ಕ್ಯಾಬ್, ತೋಟದ ಕೆಲಸಕ್ಕೆ ಓಡುವಂಥದ್ದು. ಬೇಸಿಗೆಯಲ್ಲಿ ರೂಫಿನ ಮುಂಭಾಗಕ್ಕೆ ಐದು ಅಂಬರ್ (ಕಿತ್ತಳೆ ಹಳದಿ) ಲೈಟ್ ಕೂರಿಸಿದ್ದಾರೆ. ಆಮೇಲೆ ಎರಡು ಕಡೆ ಸಿಲಿಕಾನ್ ಬಳಿಸಿಯೂ ಆಗಿದೆ. ಓನರ್ ಕೇಳಿದ್ದೂ ಅಷ್ಟೇ: "ಅಣ್ಣ, ಮೇಲಿಂದ ಇನ್ನೊಂದು ಕೋಟ್ ಬಳಿದುಬಿಡಿ, ಸಾಕು."

ಸಾಕಾಗುವುದಿಲ್ಲ. ಯಾಕೆ ಅಂತ ವಿವರವಾಗಿ ಬರೆದಿಟ್ಟರೆ ಇನ್ನು ಕೇಳುವವರಿಗೂ ಇದನ್ನೇ ತೋರಿಸಬಹುದು.

ಈ ಐದು ದೀಪದ ಶೋಕಿ ಬಂದಿದ್ದು ಅಮೆರಿಕದಿಂದ. ಅಲ್ಲಿ 80 ಇಂಚು, ಅಂದರೆ 2,032 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಅಗಲದ ಗಾಡಿಗಳಿಗೆ ಈ ದೀಪಗಳು ಕಡ್ಡಾಯ: ಮಧ್ಯದಲ್ಲಿ ಮೂರು, ಎರಡು ತುದಿಗೆ ಒಂದೊಂದು. ನಮ್ಮ ಪಿಕಪ್‌ಗಳು ಅಷ್ಟು ಅಗಲವೇ ಇಲ್ಲ, ಹಾಗಾಗಿ ಇಲ್ಲಿ ಇದು ಬರೀ ಅಂದಕ್ಕೆ. ಆದರೆ ಒಂದೊಂದು ದೀಪಕ್ಕೂ ಎರಡು ಸ್ಕ್ರೂ, ಒಂದು ವೈರ್ ತೂತು. ಐದು ದೀಪ ಅಂದರೆ ಮುಕ್ಕಾಲು ಮಿ.ಮೀ. ಆಸುಪಾಸಿನ ತಗಡಿನಲ್ಲಿ ಹದಿನೈದು ತೂತು. ಮಲೆನಾಡಿನ ಮಳೆಗೆ ಅದರಲ್ಲಿ ಒಂದು ಸಿಕ್ಕಿದರೂ ಸಾಕು.

ನೀರು ಒಳಗೆ ಬರುವ ದಾರಿ ಒಂದೇ ಅಲ್ಲ. ಮೊದಲನೆಯದು ದೀಪದ ಅಡಿಯ ಸ್ಪಂಜಿನ ಗ್ಯಾಸ್ಕೆಟ್. ರೂಫ್ ತಗಡು ಸಪಾಟಾಗಿರುವುದಿಲ್ಲ, ಸ್ವಲ್ಪ ಉಬ್ಬಿರುತ್ತದೆ, ಕೆಲವು ಗಾಡಿಗಳಲ್ಲಿ ಉದ್ದಕ್ಕೆ ಏಣುಗಳೂ ಇರುತ್ತವೆ. ಚಪ್ಪಟೆ ತಳದ ದೀಪವನ್ನು ಅದರ ಮೇಲೆ ಕೂರಿಸಿದರೆ ಎಲ್ಲೋ ಒಂದು ಕಡೆ ಗ್ಯಾಸ್ಕೆಟ್ ಒತ್ತಿರುವುದೇ ಇಲ್ಲ. ಎರಡನೆಯದು ಸ್ಕ್ರೂ. ಇಷ್ಟು ತೆಳು ತಗಡಿನಲ್ಲಿ ಟ್ಯಾಪಿಂಗ್ ಸ್ಕ್ರೂ (ನಟ್ ಇಲ್ಲದೆ ತಗಡಿಗೇ ಕಚ್ಚುವಂಥದ್ದು) ಹಿಡಿಯುವುದು ಒಂದೇ ಸುತ್ತಿನ ಮೇಲೆ. ತೋಟದ ರಸ್ತೆಯಲ್ಲಿ ನಾಲ್ಕು ತಿಂಗಳು ಕುಲುಕಿದರೆ ತೂತು ದೊಡ್ಡದಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತಿರುತ್ತದೆ. ಮೂರನೆಯದನ್ನು ಯಾರೂ ನೋಡುವುದಿಲ್ಲ: ದೀಪದ ಗ್ಲಾಸಿಗೂ ಅದರ ಬಾಡಿಗೂ ಮಧ್ಯದ ಸಂದಿನಿಂದ ನೀರು ದೀಪದ ಒಳಗೇ ಇಳಿದು, ವೈರ್ ತೂತಿನ ಮೂಲಕ ನೇರ ಕ್ಯಾಬಿನ್ನಿಗೆ ಬರುತ್ತದೆ. ಇಂಥ ದೀಪದ ಸುತ್ತ ಸಿಲಿಕಾನ್ ಬಳಿದರೆ ಆ ನೀರಿಗೆ ಹೊರಗೆ ಹೋಗುವ ದಾರಿಯೂ ಮುಚ್ಚುತ್ತದೆ. ಹಿಂದೆ ಅಂಚಿನಿಂದ ಒಂದಿಷ್ಟಾದರೂ ಹೊರಗೆ ಹರಿಯುತ್ತಿದ್ದದ್ದು ಈಗ ಪೂರ್ತಿ ಒಳಗೆ. "ಸಿಲಿಕಾನ್ ಹಾಕಿದ ಮೇಲೆ ಜಾಸ್ತಿ ಆಯ್ತು" ಅನ್ನುವುದು ಸುಳ್ಳಲ್ಲ.

ಹಾಗೆ ಬಂದ ನೀರು ಬಂದ ಜಾಗದಲ್ಲೇ ತೊಟ್ಟಿಕ್ಕುವುದಿಲ್ಲ. ರೂಫ್ ತಗಡಿಗೂ ಕೆಳಗಿನ ಬೋರ್ಡಿನ ಲೈನಿಂಗ್‌ಗೂ ನಡುವೆ ನಿಂತು, ಲೈನಿಂಗ್‌ನಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ಇಳಿಯುತ್ತದೆ. ಆ ತೂತು ಬಹಳ ಸಲ ಕ್ಯಾಬಿನ್ ಲೈಟಿನದ್ದು. ಪಾಪ, ಅದಕ್ಕೆ ಏನೂ ಗೊತ್ತಿಲ್ಲ, ಬೈಸಿಕೊಳ್ಳುವುದು ಮಾತ್ರ ಅದು. ಶಿರಾಡಿ ಘಾಟಿ ಇಳಿಯುವಾಗ, ಬ್ರೇಕ್ ಹಿಡಿದಾಗ ನಿಂತ ನೀರೆಲ್ಲ ಮುಂದಕ್ಕೆ ಬಂದು ಸನ್ ವೈಸರ್ ಹತ್ತಿರ ಸುರಿಯುತ್ತದೆ, ಹತ್ತುವಾಗ ಡ್ರೈವರ್ ಬೆನ್ನಿನ ಹಿಂದೆ. ಇನ್ನೊಂದು ದಾರಿ ಇದಕ್ಕಿಂತ ಕೆಟ್ಟದ್ದು. ಮುಂದಿನ ಗಾಜಿನ ಮೇಲೆ ರೂಫ್ ಎರಡು ಪದರದ ಪೆಟ್ಟಿಗೆಯ ಹಾಗಿರುತ್ತದೆ. ದೀಪದ ತೂತು ಅದರೊಳಗೆ ತೆರೆದಿದ್ದರೆ ನೀರು ಅಡ್ಡಕ್ಕೆ ಹರಿದು ಗಾಜಿನ ಪಕ್ಕದ ಪಿಲ್ಲರ್ ಒಳಗಿಂದ ಕೆಳಗೆ ಇಳಿಯುತ್ತದೆ. ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಕಾಲಡಿಯ ಮ್ಯಾಟ್ ಮಾತ್ರ ಒದ್ದೆ. ಫ್ಯೂಸ್ ಬಾಕ್ಸ್ ಆ ಮೂಲೆಯಲ್ಲೇ ಇದ್ದರೆ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಇವತ್ತಿನ ಗಾಡಿಯಲ್ಲಿ ಎರಡು ಟರ್ಮಿನಲ್ ಹಾಗೇ ಆಗಿತ್ತು.

ಬಿಚ್ಚುವ ಮೊದಲು ಪರೀಕ್ಷೆ. ಬ್ಯಾಟರಿ ನೆಗೆಟಿವ್ ತೆಗೆದು, ಸನ್ ವೈಸರ್, ಕನ್ನಡಿ, ಕ್ಯಾಬಿನ್ ಲೈಟ್ ಬಿಚ್ಚಿ ಲೈನಿಂಗ್ ಮುಂಭಾಗವನ್ನು ಇಳಿಸಬೇಕು. ಪೂರ್ತಿ ಎಳೆದರೆ ಒದ್ದೆ ಬೋರ್ಡ್ ಮಧ್ಯಕ್ಕೆ ಮುರಿಯುತ್ತದೆ, ಕೆಳಗೆ ಒಬ್ಬರು ಎರಡೂ ಕೈಯಲ್ಲಿ ಹಿಡಿದಿರಲೇಬೇಕು. ತಗಡಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ, ಪ್ರತಿ ತೂತಿನ ಸುತ್ತ ಸೀಮೆಸುಣ್ಣ ಉಜ್ಜಿ. ನೀರು ಬಂದ ಕಡೆ ಸುಣ್ಣ ಕರಗಿ ಗೆರೆ ಬೀಳುತ್ತದೆ, ಎಲ್ಲಿಂದ ಶುರುವಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಹೊರಗೆ ಐದೂ ದೀಪಗಳಿಗೆ ಅಗಲದ ಟೇಪ್ ಸುತ್ತಿ ಮುಚ್ಚಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಪೈಪ್ ಹಿಡಿದು ಹೊರಗೆ. ಪೈಪಿಗೆ ನಾಜಲ್ ಬೇಡ, ನೀರು ಸುಮ್ಮನೆ ಹರಿದರೆ ಸಾಕು. ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದಲು ಗಾಜಿನ ಬೀಡಿಂಗ್‌ನ ಕೆಳಭಾಗ, ಆಮೇಲೆ ಅದರ ಮೇಲಿನ ಮೂಲೆಗಳು, ಬಾಗಿಲ ಮೇಲಿನ ನೀರಿನ ಕಾಲುವೆ, ಆಂಟೆನಾ, ಕ್ಯಾರಿಯರ್ ಬೋಲ್ಟ್. ಒಂದೊಂದಕ್ಕೂ ಐದು ನಿಮಿಷ. ಕೊನೆಗೆ ಟೇಪ್ ಒಂದೊಂದಾಗಿ ತೆಗೆಯುತ್ತಾ ದೀಪಗಳು. ಮೇಲಿಂದ ಶುರು ಮಾಡಿದರೆ ಕೆಳಗಿನದೆಲ್ಲ ಒದ್ದೆಯಾಗಿ ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ. ಪ್ರೆಷರ್ ವಾಷರ್ ಅಂತೂ ಬೇಡವೇ ಬೇಡ, ಸರಿಯಾಗಿರುವ ಸೀಲಿನೊಳಕ್ಕೂ ಅದು ನೀರು ನುಗ್ಗಿಸುತ್ತದೆ.

ಇನ್ನೂ ಒಂದು: ರಾತ್ರಿ ಮಳೆಯೇ ಬಂದಿಲ್ಲ, ಆದರೂ ಬೆಳಿಗ್ಗೆ ಲೈನಿಂಗ್ ಒದ್ದೆ ಅಂದರೆ ಅದು ಸೋರಿಕೆ ಆಗಿರಲಿಕ್ಕಿಲ್ಲ. ಒದ್ದೆ ಮ್ಯಾಟ್ ಇಟ್ಟು ಗಾಜು ಮುಚ್ಚಿದ ಕ್ಯಾಬಿನ್ನಿನ ಹಬೆ ತಣ್ಣಗಿನ ತಗಡಿಗೆ ಕೂತು ಬೆವರಿದ್ದು. ಅದಕ್ಕೆ ಮ್ಯಾಟ್ ಒಣಗಿಸಿದರೆ ಮುಗಿಯಿತು.

ಇವತ್ತು ಎರಡು ದೀಪ ಸಿಕ್ಕಿಬಿದ್ದವು. ಎಡ ತುದಿಯದ್ದು ಸ್ಕ್ರೂ ಸಡಿಲ, ಮಧ್ಯದ್ದು ಗ್ಲಾಸ್ ಸಂದಿನಿಂದ. ಬಿಚ್ಚಿದ್ದು ಮಾತ್ರ ಐದನ್ನೂ. ಒಂದೇ ಕೈ ಕೂರಿಸಿದ ದೀಪಗಳಲ್ಲಿ ಎರಡು ಸೋರಿದರೆ ಉಳಿದ ಮೂರು ಸಾಲಿನಲ್ಲಿ ನಿಂತಿವೆ ಅಂತ ಅರ್ಥ.

ಹಳೆ ಸಿಲಿಕಾನನ್ನು ಪ್ಲಾಸ್ಟಿಕ್ ಕೆರೆಗತ್ತಿಯಿಂದ ಪೂರ್ತಿ ಎಬ್ಬಿಸಬೇಕು, ಕಬ್ಬಿಣದ್ದಾದರೆ ಪೇಂಟ್ ಕಿತ್ತುಬರುತ್ತದೆ. ಸಿಲಿಕಾನಿನ ತೆಳು ಪೊರೆ ಉಳಿದರೂ ಅದರ ಮೇಲೆ ಪೇಂಟ್ ಹಿಡಿಯಲ್ಲ, ಬೇರೆ ಸೀಲೆಂಟ್ ಹಿಡಿಯಲ್ಲ, ಹೊಸ ಸಿಲಿಕಾನ್ ಕೂಡ ಹಿಡಿಯಲ್ಲ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಎರಡು ಸಲ ಒರೆಸುವುದು. ಪೆಟ್ರೋಲ್ ಬೇಡ, ಜಿಡ್ಡು ಉಳಿಸುತ್ತದೆ. ಮೊದಲು ಬಳಿದಿದ್ದ ಸಿಲಿಕಾನ್, ಹಾಕುವಾಗ ವಿನೆಗರ್ ವಾಸನೆ ಹೊಡೆಯುವ ಜಾತಿಯದ್ದು ಅಂತ ಕಾಣುತ್ತದೆ. ಒಣಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ, ಪೇಂಟ್ ಇಲ್ಲದ ತೂತಿನ ಅಂಚನ್ನೂ ತಾಮ್ರದ ವೈರನ್ನೂ ತಿನ್ನುತ್ತದೆ. ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯೂ ಇಲ್ಲಿಗೆ ಆಗುವುದಿಲ್ಲ. ತಗಡು ಅದುರುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ಪುಟ್ಟಿ ಬಿರುಕು ಬಿಡುತ್ತದೆ.

ತೂತುಗಳ ಅಂಚಿಗೆ ತುಕ್ಕು ಹಿಡಿದಿತ್ತು. ಕೊರೆದವರು ಪೇಂಟ್ ಮುಟ್ಟಿಸಿಯೇ ಇಲ್ಲ. 120ರ ಎಮರಿ ಪೇಪರಿನಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ತೂತಿನ ಒಳ ಅಂಚಿಗೆ ಬ್ರಷ್ ಹೋಗುವುದಿಲ್ಲ, ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಮುಟ್ಟಿಸಬೇಕು. ಟ್ಯಾಪಿಂಗ್ ಸ್ಕ್ರೂ ಎಲ್ಲ ಎಸೆದು, ತೂತುಗಳನ್ನು 6 ಮಿ.ಮೀ.ಗೆ ಹಿಗ್ಗಿಸಿ ಎಂ4 ರಿವೆಟ್ ನಟ್ (ಹೊರಗಿನಿಂದಲೇ ತಗಡಿಗೆ ಕಚ್ಚಿಸುವ, 4 ಮಿ.ಮೀ. ಸ್ಕ್ರೂ ಹಿಡಿಯುವ ನಟ್) ಹಾಕಿದೆವು. ತಳ ಮುಚ್ಚಿರುವ ಜಾತಿಯದ್ದು ಸಿಕ್ಕಿದರೆ ಅದೇ ಒಳ್ಳೆಯದು, ಸ್ಕ್ರೂ ಸುತ್ತಿನಗುಂಟ ಇಳಿದ ನೀರೂ ಅಲ್ಲೇ ನಿಲ್ಲುತ್ತದೆ. ಮಾಮೂಲಿ ನಟ್ ಬೋಲ್ಟ್ ಯಾಕಾಗದು ಅಂದರೆ, ಆ ಎರಡು ಪದರದ ಪೆಟ್ಟಿಗೆಯೊಳಗೆ ಸ್ಪ್ಯಾನರ್ ಹೋಗುವುದಿಲ್ಲ. ಹಿಗ್ಗಿಸುವುದು ಪ್ರೈಮರ್‌ಗಿಂತ ಮೊದಲು, ಇಲ್ಲದಿದ್ದರೆ ಹೊಸ ಅಂಚು ಮತ್ತೆ ಬೋಳು.

ಸೀಲಿಗೆ 3 ಮಿ.ಮೀ. ದಪ್ಪದ ಬ್ಯೂಟೈಲ್ ಟೇಪ್, ಅಂದರೆ ಅಂಟು ರಬ್ಬರಿನ ಪಟ್ಟಿ. ಪಾಲಿಯುರಿಥೇನ್ ಸೀಲೆಂಟ್ ಕೂಡ ಒಳ್ಳೆಯದೇ, ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಮಳೆಗಾಲಕ್ಕೆ ತೊಂದರೆಯಿಲ್ಲ, ಮೈ ಮಾತ್ರ ಒಣಗಿರಬೇಕು. ಆದರೆ ಅದನ್ನು ಹಾಕಿದರೆ ಮುಂದೆ ದೀಪ ಬದಲಿಸುವಾಗ ಬ್ಲೇಡಿನಲ್ಲಿ ಕೊಯ್ಯಬೇಕು. ಬ್ಯೂಟೈಲ್ ಯಾವತ್ತೂ ಮೆತ್ತಗೇ ಇರುತ್ತದೆ. ಐದು ದೀಪಕ್ಕೆ 3 ಮೀಟರ್ ಬೇಕಾದಷ್ಟಾಯಿತು.

ಕೂರಿಸುವ ಕ್ರಮ ಮುಖ್ಯ. ಮೊದಲು ವೈರ್ ತೂತಿಗೆ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ. ಅದರ ಸುತ್ತ ಬ್ಯೂಟೈಲಿನ ಒಂದು ಪೂರ್ತಿ ಉಂಗುರ, ಪ್ರತಿ ಸ್ಕ್ರೂ ತೂತಿಗೂ ಒಂದೊಂದು. ಕೆಲಸ ಮಾಡುವುದು ಈ ಉಂಗುರಗಳೇ. ಆಮೇಲೆ ದೀಪದ ಹೊರ ಅಂಚಿಗೆ ಮೂರು ಬದಿಗೆ ಮಾತ್ರ ಟೇಪ್; ರೂಫ್ ಇಳಿಜಾರಿನ ಕೆಳಗಿನ ಬದಿಗೆ 5 ಮಿ.ಮೀ. ಖಾಲಿ ಬಿಡಬೇಕು. ಗಾಡಿ ನಿಂತಾಗ ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ನೋಡಿ, ಖಾಲಿ ಆ ಕಡೆ. ಗ್ಲಾಸ್ ಸಂದಿನಿಂದ ಬಂದ ನೀರು ಅಲ್ಲಿಂದ ಹೊರಗೆ ಹೋಗುತ್ತದೆ. ಸ್ಕ್ರೂ ಸ್ಟೇನ್‌ಲೆಸ್, ಬಿಗಿಯುವುದು ಕೈ ಸ್ಕ್ರೂಡ್ರೈವರ್‌ನಲ್ಲಿ. ಮಿಷಿನ್ನಿನಲ್ಲಿ ಬಿಗಿದರೆ ಬ್ಯೂಟೈಲ್ ಪೂರ್ತಿ ಹೊರಗೆ ಹಿಸುಕಿಕೊಂಡು ಬರುತ್ತದೆ, ತಗಡೂ ತಗ್ಗಾಗುತ್ತದೆ. ಸ್ವಲ್ಪ ಹಿಸುಕಿ ಕಂಡ ಕೂಡಲೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಕಾಲು ಸುತ್ತು.

ವೈರಿಂಗ್ ಬೇಗ ಮುಗಿಯಿತು. ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದ ಜಾಯಿಂಟ್‌ಗಳನ್ನು ಕತ್ತರಿಸಿ, ಸೋಲ್ಡರ್ ಮಾಡಿ, ಒಳಮೈಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಹಿಡಿಯುವ ಕೊಳವೆ) ಹಾಕಿದ್ದು. ವೈರ್ ತೂತಿನಿಂದ ಇಳಿದ ಕೂಡಲೇ ಸುಮಾರು 5 ಸೆಂ.ಮೀ. ಜೋತುಬಿದ್ದು ಮತ್ತೆ ಮೇಲೆ ಹೋಗಿ ಜಾಯಿಂಟ್ ಸೇರಬೇಕು, ವೈರಿನ ಮೇಲೆ ಇಳಿದ ಹನಿ ಜೋತ ಜಾಗದಲ್ಲೇ ಬೀಳುತ್ತದೆ. ದೀಪಗಳ ಲೈನ್ ಪಾರ್ಕಿಂಗ್ ಲೈಟಿಗೆ ನೇರ ಸಿಕ್ಕಿಸಿತ್ತು. ಮೇಲೆ ನೀರು ಬಿದ್ದು ಶಾರ್ಟ್ ಆದರೆ ಹಿಂದಿನ ಲೈಟೂ ಆರಿಹೋಗುತ್ತದೆ, ರಾತ್ರಿ ಮಂಜಿನಲ್ಲಿ ಅದು ಹುಡುಗಾಟವಲ್ಲ. ಬೇರೆ 3 ಆಂಪಿಯರ್ ಫ್ಯೂಸ್ ಕೊಟ್ಟೆವು. 5 ವ್ಯಾಟಿನ ಐದು ಬಲ್ಬ್ ಇದ್ದರೂ 12 ವೋಲ್ಟಿಗೆ ಎಳೆಯುವುದು ಸುಮಾರು 2 ಆಂಪಿಯರ್, ಎಲ್‌ಇಡಿಗೆ ಅದಕ್ಕಿಂತ ಎಷ್ಟೋ ಕಡಿಮೆ.

ಲೈನಿಂಗ್ ಬೋರ್ಡನ್ನು ಸಪಾಟಾಗಿ ಮಲಗಿಸಿ ಫ್ಯಾನ್ ಕೆಳಗೆ ಇಟ್ಟಿದೆ. ಗೋಡೆಗೆ ಒರಗಿಸಿದರೆ ಬಾಗಿಕೊಂಡೇ ಒಣಗುತ್ತದೆ, ಆಮೇಲೆ ಕ್ಲಿಪ್ಪಿಗೆ ಕೂರುವುದಿಲ್ಲ. ಮ್ಯಾಟ್ ಅಡಿಯ ಫೆಲ್ಟ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಅದನ್ನೂ ತೆಗೆದು, ನೆಲದ ರಬ್ಬರ್ ಬುಚ್ ಬಿಚ್ಚಿ ನಿಂತ ನೀರು ಬಿಟ್ಟಾಯಿತು.

ಜೂನ್ 23, ಭಾನುವಾರ

ಲೈನಿಂಗ್ ಹಾಕುವ ಮೊದಲು ಮತ್ತೆ ಸೀಮೆಸುಣ್ಣ, ಮತ್ತೆ ಪೈಪ್, ಪ್ರತಿ ದೀಪಕ್ಕೂ ಹತ್ತು ನಿಮಿಷ. ಗೆರೆ ಬೀಳಲಿಲ್ಲ. ಮಧ್ಯದ ದೀಪದ ಹಿಂದಿನ ಸಂದಿನಿಂದ ನೀರು ಸಣ್ಣಗೆ ಹೊರಕ್ಕೆ ಹರಿಯುತ್ತಿತ್ತು, ಅದು ಹರಿಯಬೇಕಾದ್ದೇ. ಆ ಸಂದನ್ನು ಯಾರೂ ಬಳಿದು ಮುಚ್ಚಬಾರದು ಅಂತ ಓನರ್‌ಗೆ ಮುಟ್ಟಿ ತೋರಿಸಿ ಹೇಳಿದ್ದಾಗಿದೆ. ಇನ್ನು ಕ್ಯಾರಿಯರ್ ಇರುವ ಗಾಡಿಯವರಿಗೆ ನಮ್ಮ ಸಲಹೆ ಬೇರೆ: ದೀಪಗಳನ್ನು ಕ್ಯಾರಿಯರ್ ಪಟ್ಟಿಗೇ ಕಟ್ಟಿಸಿ, ಒಂದೇ ವೈರನ್ನು ಬಾಗಿಲ ಹಿಂಜಿನ ಕಡೆಯಿಂದ ರಬ್ಬರ್ ಬೀಡಿಂಗ್ ಅಡಿಗೆ ಒಳಗೆ ತನ್ನಿ. ರೂಫಿಗೆ ಡ್ರಿಲ್ ಮುಟ್ಟಿಸುವ ಕೆಲಸವೇ ಇರುವುದಿಲ್ಲ.