ರಂಗ ಕಾಣದ ಟಿಕೆಟ್

ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಿದ್ದೆ. ಮ್ಯೂನಿಕ್‌ನ ಆಪೆರಾ ಮಂದಿರ ನ್ಯಾಷನಲ್‌ಥಿಯೇಟರ್‌ನಲ್ಲಿ ಸುಮಾರು 2,100 ಜನರಿಗೆ ಜಾಗವಿದೆ. ನನ್ನ ಪಾಲಿಗೆ ಬಂದದ್ದು ತೀರಾ ಮೇಲಿನ ಗ್ಯಾಲರಿಯ ಪಕ್ಕದ ತುದಿ, ಅದೂ ನಿಂತು ನೋಡುವ ಜಾಗ. ಕೋಟು ಒಪ್ಪಿಸಿ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ಬಗ್ಗಿ ನೋಡಿದರೆ ರಂಗದ ಮುಕ್ಕಾಲು ಪಾಲು ಕಾಣುವುದೇ ಇಲ್ಲ! ಕಾಣುತ್ತಿದ್ದದ್ದು ರಂಗದ ಮುಂದಿನ ಹಳ್ಳ, ಅದರೊಳಗೆ ಕೂತ ವಾದ್ಯಗಾರರು, ಅವರ ನಡುವೆ ಖಾಲಿ ನಿಂತಿದ್ದ ಕಂಡಕ್ಟರ್ ಪೀಠ. ಕಂಡಕ್ಟರ್ ಅಂದರೆ ಕೋಲು ಆಡಿಸಿ ವಾದ್ಯವೃಂದವನ್ನು ನಡೆಸುವವರು.

ಅಂದಿನ ಆಟ ಜರ್ಮನ್ ಸಂಗೀತಗಾರ ಹುಂಪರ್‌ಡಿಂಕ್‌ನ ‘ಹ್ಯಾನ್ಸೆಲ್ ಮತ್ತು ಗ್ರೇಟೆಲ್’. ಡಿಸೆಂಬರ್ ಬಂತೆಂದರೆ ಜರ್ಮನಿಯಲ್ಲಿ ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ಹೋಗಿ ನೋಡುವ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಕಾಡು ಪಾಲಾದ ಅಣ್ಣ ತಂಗಿ, ತಿಂಡಿಯಲ್ಲೇ ಕಟ್ಟಿದ ಮನೆ, ಒಬ್ಬಳು ಮಾಟಗಾತಿ. 1893ರಲ್ಲಿ ವೈಮಾರ್‌ನಲ್ಲಿ ಇದರ ಮೊದಲ ಪ್ರದರ್ಶನ ನಡೆಸಿಕೊಟ್ಟವನು ಆಗಿನ್ನೂ ಇಪ್ಪತ್ತೊಂಬತ್ತರ ಹುಡುಗ, ಮುಂದೆ ದೊಡ್ಡ ಸಂಗೀತಗಾರನಾದ ರಿಚರ್ಡ್ ಸ್ಟ್ರಾಸ್. ನನಗೆ ಮಾಟಗಾತಿಯನ್ನು ನೋಡುವ ಆಸೆಯಿತ್ತು. ಅವಳು ಕೊನೆಯವರೆಗೂ ನನ್ನ ಕಣ್ಣಿಗೆ ಬೀಳಲಿಲ್ಲ.

ಪಕ್ಕದಲ್ಲಿ ಗೋಡೆಗೆ ಒತ್ತಿದ ಪುಟ್ಟ ಹಲಗೆ, ಅದರ ಮೇಲೊಂದು ಮುಚ್ಚಿದ ದೀಪ. ರಂಗ ಕಾಣದಿದ್ದರೂ ಪರವಾಗಿಲ್ಲ, ಸ್ವರಲಿಪಿ ಓದುತ್ತಾ ಕೇಳುತ್ತೇವೆ ಎನ್ನುವವರ ಜಾಗ ಅದು. ಅಲ್ಲಿ ಎಂಬತ್ತು ದಾಟಿದ ಒಬ್ಬರು ಅಂಚು ಸವೆದ ದಪ್ಪ ಪುಸ್ತಕ ತೆರೆದು ಕೂತಿದ್ದರು. ನನ್ನ ಪೆಚ್ಚು ಮುಖ ನೋಡಿ ನಕ್ಕು, “ಕಂಡಕ್ಟರನ್ನೇ ನೋಡಿ, ಟಿಕೆಟ್ಟಿನ ದುಡ್ಡಿಗೆ ಮೋಸವಿಲ್ಲ” ಅಂದರು.

ಬೇರೆ ದಾರಿಯೇನಿತ್ತು, ನೋಡಿದೆ. ಶುರುವಿನಲ್ಲಿ ಹಾರ್ನ್ ಎಂಬ ನಾಲ್ಕು ಹಿತ್ತಾಳೆ ಕೊಂಬುಗಳು ಮೆಲ್ಲಗೆ ಪ್ರಾರ್ಥನೆಯ ಧಾಟಿ ಎತ್ತಿಕೊಳ್ಳಬೇಕು. ಕೋಲು ಏಳುವ ಮುಂಚೆ ಕಂಡಕ್ಟರ್ ಹೆಗಲು ಒಂದಿಷ್ಟು ಮೇಲಕ್ಕೆ ಹೋಯಿತು; ಅವರು ಉಸಿರೆಳೆದುಕೊಂಡರು, ಹಾರ್ನಿನವರೂ ಜೊತೆಯಲ್ಲೇ ಎಳೆದುಕೊಂಡರು. ಆಮೇಲೆ ರಂಗದ ಮೇಲೆ ಹಾಡು ಶುರುವಾದಾಗ ನೋಡುತ್ತೇನೆ, ಕಂಡಕ್ಟರ್ ತುಟಿ ಪ್ರತಿ ಮಾತಿಗೂ ಆಡುತ್ತಿದೆ. ಹಾಡುವವಳು ಒಂದು ಕಡೆ ಸ್ವಲ್ಪ ಎಳೆದಳು. ಕಂಡಕ್ಟರ್ ಎಡಗೈ ಅಷ್ಟೂ ವಾದ್ಯಗಳನ್ನು ಹಿಡಿದು ನಿಲ್ಲಿಸಿ, ಅವಳು ಬಂದು ಸೇರಿದ ಮೇಲೆ ಬಿಟ್ಟಿತು.

ಈ ಕೆಲಸವನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೋ ಏನು, ನಮ್ಮ ಮನೆಯಲ್ಲೇ.

ನಮ್ಮ ತಾತ ತಿಪಟೂರು ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಹಗಲೆಲ್ಲ ತೋಟದಲ್ಲಿ ದುಡಿದವರು ರಾತ್ರಿ ಊಟ ಮುಗಿಸಿ ಶಾಲೆಯ ಜಗಲಿಗೆ ಬರುತ್ತಿದ್ದರು. ತಾತ ಒಂದೊಂದು ಸಾಲನ್ನೂ ಹಾಡಿ, ಅವರಿಂದ ಹಾಡಿಸಿ, ಮೂರು ತಿಂಗಳು ತಿದ್ದುತ್ತಿದ್ದರು. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಟ್ಟವನಿಗೆ ಶ್ರುತಿಯೇ ನಿಲ್ಲುತ್ತಿರಲಿಲ್ಲ, ಅದು ಬೇರೆ ಕಥೆ. ನಾಟಕದ ರಾತ್ರಿ ತಾತ ಕಾಲು ಹಾರ್ಮೋನಿಯಂ ಹಿಡಿದು ರಂಗದ ಮುಂದೆ ಕೂರುತ್ತಿದ್ದರು. ಪಾತ್ರಧಾರಿ ಮಾತು ಮರೆತರೆ ತುಟಿಯಲ್ಲೇ ಎತ್ತಿ ಕೊಡುವುದು, ಶ್ರುತಿ ಬಿಟ್ಟರೆ ಅದೇ ಮನೆಯನ್ನು ಒತ್ತಿ ಒತ್ತಿ ನೆನಪಿಸುವುದು, ಚಪ್ಪಾಳೆ ಬೀಳುತ್ತಿದೆ ಅಂತ ಅವನು ಆಲಾಪ ಲಂಬಿಸಿದರೆ ಸುಮ್ಮನೆ ಹಿಂದೆ ಹಿಂದೆ ಹೋಗುವುದು. ಜನ ಅವರ ಕಡೆ ನೋಡಿದ್ದು ಕಡಿಮೆ.

ವಿರಾಮದಲ್ಲಿ ಇದನ್ನು ನನ್ನ ಹರಕು ಜರ್ಮನ್‌ನಲ್ಲಿ ಆ ಹಿರಿಯರಿಗೆ ಹೇಳಿದೆ. ಅವರು ಪುಸ್ತಕ ಮುಚ್ಚಿ, “ಹಾಗಾದರೆ ನಿಮಗೆ ಸವಾಲಿಷ್ ಅರ್ಥವಾಗುತ್ತಾರೆ” ಅಂದರು.

ಕಂಡಕ್ಟರ್ ವುಲ್ಫ್‌ಗ್ಯಾಂಗ್ ಸವಾಲಿಷ್ ಹೆಸರು ನನಗೆ ರೆಕಾರ್ಡುಗಳ ಮೇಲಷ್ಟೇ ಗೊತ್ತಿತ್ತು. 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಯುದ್ಧಕ್ಕೆ ಹೋಗಿ, ಸೆರೆ ಸಿಕ್ಕಿ, ತಿರುಗಿ ಬಂದು ಓದು ಮುಗಿಸಿದ್ದು. 1947ರಲ್ಲಿ ಪಕ್ಕದ ಆಗ್ಸ್‌ಬರ್ಗ್‌ನ ರಂಗಮಂದಿರ ಸೇರಿದಾಗ ಸಿಕ್ಕ ಕೆಲಸ ಕೊರೆಪೆಟಿಟರ್‌ನದು. ಅಂದರೆ ತಾಲೀಮಿನ ಕೋಣೆಯಲ್ಲಿ ಪಿಯಾನೊ ಮುಂದೆ ಕೂತು, ಇಡೀ ವಾದ್ಯವೃಂದದ ಪಾಲನ್ನು ಹತ್ತು ಬೆರಳಲ್ಲಿ ನುಡಿಸುತ್ತಾ ಗಾಯಕರಿಗೆ ಪಾಠ ಮಾಡಿಸುವುದು. ಜರ್ಮನಿಯ ಹಳೇ ಪದ್ಧತಿಯಲ್ಲಿ ಕಂಡಕ್ಟರ್ ಆಗುವವರು ಹತ್ತಬೇಕಾದ ಮೊದಲ ಮೆಟ್ಟಿಲು ಇದೇ. ಅಲ್ಲಿಯೇ ಅವರು ಮೊದಲ ಸಲ ಕೋಲು ಹಿಡಿದದ್ದು ಯಾವ ಆಪೆರಾಕ್ಕೆ ಗೊತ್ತೇ ಎಂದು ಹಿರಿಯರು ತಮ್ಮ ಪುಸ್ತಕದ ಮೇಲೆ ಬೆರಳು ಕುಟ್ಟಿದರು. ‘ಹ್ಯಾನ್ಸೆಲ್ ಮತ್ತು ಗ್ರೇಟೆಲ್’!

ಮುಂದೆ 1953ರಲ್ಲಿ ಆಖೆನ್, ಆಮೇಲೆ ವೀಸ್‌ಬಾಡೆನ್, ಕಲೋನ್. ನಡುವೆ 1957ರಲ್ಲಿ ಬೈರಾಯ್ಟ್‌ನಲ್ಲಿ, ಸಂಗೀತಗಾರ ವಾಗ್ನರ್ ಹೆಸರಿನ ಉತ್ಸವದಲ್ಲಿ, ಅವನದೇ ಆಪೆರಾ ‘ಟ್ರಿಸ್ಟಾನ್’. ಆಗ ಅವರಿಗೆ ಮೂವತ್ಮೂರು.  ಹಿರಿಯರು ಈ ಊರುಗಳ ಹೆಸರನ್ನು ನಮ್ಮವರು ರೈಲ್ವೆ ಸ್ಟೇಷನ್ ಹೇಳಿದ ಹಾಗೆ ಬೇಗ ಬೇಗ ಹೇಳಿ, ಮ್ಯೂನಿಕ್‌ಗೆ ಬಂದು ನಿಂತರು. 1968ರ ಜುಲೈ 20ರಂದು ಈ ಆಪೆರಾ ಮಂದಿರದ ಮುಖ್ಯ ಕಂಡಕ್ಟರ್ ಯೋಸೆಫ್ ಕೈಲ್‌ಬರ್ಟ್ ‘ಟ್ರಿಸ್ಟಾನ್’ ನಡೆಸುತ್ತಿದ್ದಾಗಲೇ ಕುಸಿದು ತೀರಿಹೋದರು. 1911ರಲ್ಲಿ ಫೆಲಿಕ್ಸ್ ಮೋಟ್ಲ್ ಎಂಬ ಕಂಡಕ್ಟರ್ ಕುಸಿದದ್ದೂ ಮ್ಯೂನಿಕ್‌ನಲ್ಲೇ, ಅದೇ ಆಪೆರಾದಲ್ಲೇ. ಕೈಲ್‌ಬರ್ಟ್ ಬಿಟ್ಟುಹೋದ ಪೀಠಕ್ಕೆ 1971ರಲ್ಲಿ ಸವಾಲಿಷ್ ಬಂದರು, 1992ರವರೆಗೆ ಇದ್ದರು. 1983ರಲ್ಲಂತೂ ವಾಗ್ನರ್ ಬರೆದ ಹದಿಮೂರೂ ಆಪೆರಾಗಳನ್ನು, ಯಾರೂ ಮುಟ್ಟದ ಎಳೆತನದವನ್ನೂ ಬಿಡದೆ, ಒಂದೇ ವರ್ಷದಲ್ಲಿ ಆಡಿಸಿದರು.

“ಒಣ ಮೇಷ್ಟ್ರು ಅನ್ನುತ್ತಿದ್ದರು ಕೆಲವರು,” ಎಂದರು ಹಿರಿಯರು, ಸ್ವಲ್ಪ ಕೆಣಕುವ ಹಾಗೆ. ನನಗೆ ಅದು ಬೈಗುಳ ಅನ್ನಿಸಲಿಲ್ಲ. ಕೂದಲು ಕೆದರಿ ಕುಣಿಯುವ ಕಂಡಕ್ಟರುಗಳ ವಿಡಿಯೊ ಬೇಕಾದಷ್ಟಿವೆ. ಸವಾಲಿಷ್ ವಿಡಿಯೊ ಹುಡುಕಿದರೆ ಸಿಗುವುದು ಕನ್ನಡಕ ಹಾಕಿದ, ಬ್ಯಾಂಕ್ ಮ್ಯಾನೇಜರಂಥ ಒಬ್ಬ ಮನುಷ್ಯ. ಅವರ ಕೈಗೆ ಎಷ್ಟು ಕೆಲಸವಿದೆಯೋ ಅಷ್ಟೇ ಆಡುತ್ತದೆ.

ಎರಡನೇ ಗಂಟೆ ಹೊಡೆಯಿತು. ಏಳುವ ಮುಂಚೆ ಅವರು ಕೊನೆಗೊಂದು ಹೇಳಿದರು. ಸವಾಲಿಷ್ 1993ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಆರ್ಕೆಸ್ಟ್ರಾಕ್ಕೆ ಹೋದರು. ಮರುವರ್ಷ ಫೆಬ್ರವರಿಯಲ್ಲಿ ವಾಗ್ನರ್ ಸಂಗೀತ ಕಚೇರಿಯ ದಿನವೇ ಊರೆಲ್ಲ ಹೂತುಹೋಗುವಷ್ಟು ಹಿಮ. ಗಾಯಕರು ಇದ್ದಾರೆ, ವಾದ್ಯದವರು ಬರುವ ಹಾಗಿಲ್ಲ. ಕಾರ್ಯಕ್ರಮ ರದ್ದು ಮಾಡಬಹುದಿತ್ತು. ಬಾಗಿಲು ತೆರೆದು ಬಂದವರನ್ನೆಲ್ಲ ಪುಕ್ಕಟೆ ಒಳಗೆ ಬಿಟ್ಟರು. ಎಪ್ಪತ್ತು ಮುಟ್ಟಿದ ಸವಾಲಿಷ್ ರಂಗದ ಮೇಲೆ ಪಿಯಾನೊ ಮುಂದೆ ಕೂತು, ಅಷ್ಟೂ ವಾದ್ಯಗಳ ಪಾಲನ್ನು ತಾವೊಬ್ಬರೇ ನುಡಿಸಿ ಹಾಡಿಸಿದರು. ಆಗ್ಸ್‌ಬರ್ಗ್‌ನ ತಾಲೀಮಿನ ಕೋಣೆಯಲ್ಲಿ ಮಾಡುತ್ತಿದ್ದ ಅದೇ ಕೆಲಸ.

ಎರಡನೇ ಭಾಗದಲ್ಲಿ ಮಾಟಗಾತಿ ಬಂದಿರಬೇಕು. ಕೆಳಗೆ ಮಕ್ಕಳು ಕಿರುಚಿದರು. ನಾನು ಮಾತ್ರ ಹಾರ್ನಿನವನೊಬ್ಬ ಕೊಳವೆ ಬಿಚ್ಚಿ ನೀರು ಸುರಿಯುವುದನ್ನೂ, ಕಂಡಕ್ಟರ್ ತುಟಿಯನ್ನೂ ನೋಡುತ್ತಾ ನಿಂತಿದ್ದೆ. ಆಟ ಬಿಟ್ಟಾಗ ಮ್ಯಾಕ್ಸ್ ಜೋಸೆಫ್ ಚೌಕದಲ್ಲಿ ಹಿಮ ಬೀಳುತ್ತಿತ್ತು, ಟ್ರಾಮ್ ತಡ. ಊರಲ್ಲಿ ಆಗ ಸರಿರಾತ್ರಿ ಕಳೆದಿತ್ತು, ಫೋನು ಮಾಡುವ ಹಾಗಿರಲಿಲ್ಲ.

ಬೆಳಗ್ಗೆ ಎದ್ದವನೇ ಅಮ್ಮನಿಗೆ ಮಾಡಿದೆ. ತಾತನ ಹಾರ್ಮೋನಿಯಂ ಎಲ್ಲಿದೆ ಅಂದೆ.

“ಅಟ್ಟದ ಮೇಲೈತೆ. ತಿದಿನೆಲ್ಲ ಇಲಿ ಕಡ್ದಾಕವೆ,” ಅಂದಳು. “ಯಾಕೆ, ಈಗ್ಯಾಕ್ ಬಂತು ಅದರ ಗ್ಯಾನ?”

ರೀಡುಗಳು ಹೇಗಿವೆ ನೋಡಮ್ಮ ಅಂದೆ. ಏಣಿ ಹಾಕೋಕೆ ಯಾರೂ ಇಲ್ಲ, ಭಾನುವಾರ ನೋಡ್ತೀನಿ ಅಂದಳು.